ಸಿನಿಮಾದ ಜಿಯಾನ್

ರಜೆಗೆಂದು ಬಂದಿದ್ದ ತಂಗಿಯ ಮಗ ಟೀವಿಯೆದುರು ಬೋರಲು ಬಿದ್ದುಕೊಂಡು ಜಪಾನಿನ ಕಾರ್ಟೂನು ಡೋರೇಮಾನ್ ನೋಡುತ್ತಿದ್ದ. ನಾನು ಹುರುಳಿಕಾಯಿಯ ನಾರು ತೆಗೆಯುತ್ತಾ ಒಂದು ಕಣ್ಣನ್ನು ಅತ್ತ ಇಟ್ಟಿದ್ದೆ. ಆ ದಪ್ಪ ಹುಡುಗ ಜಿಯಾನ್ ನೊಬಿತಾನನ್ನು ಹಿಂದಕ್ಕೆ ಸರಿಸಿ, ಬಂದ ಅಪಾಯಕ್ಕೆ ತಾನೇ ಎದೆಯೊಡ್ಡಿ ನಿಂತಿದ್ದ. ನನಗೆ ಗಾಬರಿಯಾಯಿತು. "ಇವನಿಗೇನು ಬಂತೋ ಮಾರಾಯ? ನಿನ್ನೆ ತಾನೇ ಆ ಕನ್ನಡಕದ ಹುಡುಗನ್ನ ಚಚ್ಚಿ ಹಾಕಿದ್ನಲ್ಲ!" ಅಂದೆ. ಹುಡುಗ ತಲೆಯನ್ನೂ ತಿರುಗಿಸಲಿಲ್ಲ. "ದೊಡ್ಡಮ್ಮಾ, ಇದು ಸಿನಿಮಾ. ಸಿನಿಮಾದಲ್ಲಿ ಜಿಯಾನ್ ಒಳ್ಳೆಯವ್ನು. ಸೋಮವಾರದಿಂದ ಮತ್ತೆ ಹೊಡೀತಾನೆ."

ಅವನಿಗೆ ಅದರಲ್ಲಿ ಅಚ್ಚರಿಪಡುವಂಥದ್ದು ಏನೂ ಇರಲಿಲ್ಲ. ಜಪಾನಿನವರಿಗೂ ಇಲ್ಲವಂತೆ. ಒರಟನೊಬ್ಬ ಹಠಾತ್ತನೆ ಒಳ್ಳೆಯವನಾಗಿಬಿಟ್ಟರೆ 'ಇವನೇನು ಸಿನಿಮಾದ ಜಿಯಾನೇ' ಎಂದು ಕೇಳುವಷ್ಟು ಅವರಿಗೆ ಇದು ರೂಢಿಯಾಗಿದೆ. ನನಗೆ ಮಾತ್ರ ಹುರುಳಿಕಾಯಿ ಮುಗಿದು, ಸಾರಾಗಿ, ಊಟವಾದ ಮೇಲೂ ಅದೇ ಗುಂಗು. ಪ್ರಾಣ ಒತ್ತೆಯಿಟ್ಟು ಕಾಪಾಡಿದವನನ್ನು ಸೋಮವಾರ ಬೆಳಿಗ್ಗೆ ಹೊಡೆಯಲು ಕೈ ಹೇಗೆ ಬರುತ್ತದೆ? ಹೊಡೆಸಿಕೊಳ್ಳುವವನಾದರೂ, 'ಅಲ್ಲವೋ, ಮೊನ್ನೆ ನನಗಾಗಿ ಸಾಯಲು ಹೊರಟಿದ್ದೆಯಲ್ಲ' ಎಂದು ಒಂದು ಮಾತು ಕೇಳಬಾರದೇ?

ಕೇಳುವ ಹಾಗಿಲ್ಲ. ಕೇಳಿದರೆ ಧಾರಾವಾಹಿ ನಿಂತುಹೋಗುತ್ತದೆ. ಈಗ ನಡೆದುಬಂದಿರುವ ಟೀವಿ ಡೋರೇಮಾನ್‌ನ ಬೇರು ಇರುವುದು 1979ರ ಏಪ್ರಿಲ್ 2ರಲ್ಲಿ, ಟೀವಿ ಅಸಾಹಿ ವಾಹಿನಿಯಲ್ಲಿ. ಆಗ ಅದು ಸೋಮವಾರದಿಂದ ಶನಿವಾರದವರೆಗೆ ಸಂಜೆ ಏಳಕ್ಕೆ ಹತ್ತು ನಿಮಿಷವಿರುವಾಗ ಶುರುವಾಗಿ ಏಳಕ್ಕೆ ಮುಗಿಯುತ್ತಿತ್ತು. ಆ ಹತ್ತೇ ನಿಮಿಷದಲ್ಲಿ ನೊಬಿತಾ ಸೊನ್ನೆ ಅಂಕ ತೆಗೆಯಬೇಕು ಇಲ್ಲವೇ ಹೊಡೆತ ತಿನ್ನಬೇಕು, ಅಳುತ್ತಾ ಮನೆಗೆ ಬರಬೇಕು, ಡೋರೇಮಾನ್ ಹೊಟ್ಟೆಯ ಜೇಬಿನಿಂದ ಏನಾದರೂ ಯಂತ್ರ ತೆಗೆದುಕೊಡಬೇಕು, ನೊಬಿತಾ ದುರಾಸೆಗೆ ಬಿದ್ದು ಅದನ್ನು ಕೆಡಿಸಬೇಕು, ಮತ್ತೆ ಅಳಬೇಕು. ಮಂಗಳವಾರ ಜ್ವರ ಬಂದು ಮಲಗಿದ್ದ ಮಗುವಿಗೆ ಬುಧವಾರದ ಕಥೆ ಅರ್ಥವಾಗದೆ ಹೋಗಬಾರದಲ್ಲ! ಹಾಗಾಗಿ ಪ್ರತಿ ಕಂತಿನ ಕೊನೆಗೂ ಎಲ್ಲವೂ ಮೊದಲಿದ್ದಲ್ಲಿಗೇ ಬಂದು ನಿಲ್ಲಲೇಬೇಕು. ಜಿಯಾನ್ ಸುಧಾರಿಸಿಬಿಟ್ಟರೆ ಮರುದಿನ ಅಳಲು ಕಾರಣವೇ ಸಿಗುವುದಿಲ್ಲ. ಅಳುವಿಲ್ಲದಿದ್ದರೆ ಯಂತ್ರವಿಲ್ಲ, ಯಂತ್ರವಿಲ್ಲದಿದ್ದರೆ ಭವಿಷ್ಯದಿಂದ ಬಂದ ಆ ನೀಲಿ ಬೆಕ್ಕಿಗೆ ನೊಬಿತಾನ ಮನೆಯಲ್ಲಿ ದೋರಾಯಾಕಿ ಎಂಬ ಸಿಹಿತಿಂಡಿ ತಿನ್ನುವುದೊಂದೇ ಕೆಲಸ.

ಸಿನಿಮಾ ಬಂದದ್ದು ಮರುವರ್ಷ, 1980ರ ಮಾರ್ಚ್ 15ರಂದು. ಶನಿವಾರ. ಜಪಾನಿನ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ಮಾರ್ಚ್ ಕೊನೆಗೆ ಮಕ್ಕಳಿಗೆ ರಜೆ. ಆ ರಜೆಯ ಲೆಕ್ಕದಲ್ಲೇ ಅಂದಿನಿಂದ ಹೆಚ್ಚುಕಡಿಮೆ ವರ್ಷಕ್ಕೊಂದು ಚಿತ್ರ. ಕತೆಗಾರ ಫುಜಿಕೊ ಎಫ್. ಫುಜಿಯೊ (ಹುಟ್ಟಿನ ಹೆಸರು ಹಿರೋಶಿ ಫುಜಿಮೊಟೊ) ಸಿನಿಮಾಕ್ಕೆಂದೇ ದೀರ್ಘ ಕಥೆಗಳನ್ನು ಬರೆದರು. ಅವು 'ಕೊರೊಕೊರೊ ಕಾಮಿಕ್' ಎಂಬ ದಪ್ಪ ಮಾಸಿಕದಲ್ಲಿ ಬೇರೆಯಾಗಿಯೇ ಬರುತ್ತಿದ್ದವು. ಟೀವಿಗೆ ಆಧಾರವಾದದ್ದು ಅವರು ಶಾಲಾಮಕ್ಕಳ ಪತ್ರಿಕೆಗಳಿಗೆ ಬರೆದಿದ್ದ ಪುಟ್ಟ ಕಥೆಗಳು. ಒಬ್ಬನೇ ಮನುಷ್ಯ, ಒಂದೇ ಮೇಜು, ಅದೇ ಐದು ಪಾತ್ರಗಳು, ಆದರೆ ಬರವಣಿಗೆ ಎರಡು. ಚಿತ್ರದ ಕೂಸು ಟೀವಿಯಲ್ಲ, ಟೀವಿಯ ಕೂಸು ಚಿತ್ರವೂ ಅಲ್ಲ. ಎರಡಕ್ಕೂ ಹೊಂದಿಕೆಯಿಲ್ಲ ಎಂದು ದೂರುವವರು ಈ ಸಂಬಂಧವನ್ನೇ ತಪ್ಪು ಹಿಡಿದಿದ್ದಾರೆ ಎಂದು ನನ್ನ ಅಭಿಪ್ರಾಯ.

ಆ ಮೊದಲ ಚಿತ್ರ 'ನೊಬಿತಾನ ಡೈನೋಸಾರ್' ಕೂಡ ಒಂದು ಪುಟ್ಟ ಕಥೆಯಿಂದಲೇ ಬೆಳೆದದ್ದು. ಸಿರಿವಂತರ ಮನೆಯ ಸುನಿಯೊ ತನ್ನಲ್ಲಿರುವ ಟೈರಾನೋಸಾರಸ್ ಉಗುರಿನ ಪಳೆಯುಳಿಕೆ ತೋರಿಸಿ ಮೆರೆದಾಗ, ನೊಬಿತಾ 'ನಾನು ಇಡೀ ಪ್ರಾಣಿಯನ್ನೇ ತರುತ್ತೇನೆ' ಎಂದು ಹಟಕ್ಕೆ ಬಿದ್ದು ಗುಡ್ಡ ಅಗೆಯುತ್ತಾನೆ. ಕಲ್ಲಾಗಿದ್ದ ಮೊಟ್ಟೆಯೊಂದು ಸಿಗುತ್ತದೆ. ಡೋರೇಮಾನ್ ಕೊಟ್ಟ ಬಟ್ಟೆ ಹೊದೆಸಿ ಅದನ್ನು ಮತ್ತೆ ಜೀವಂತ ಮೊಟ್ಟೆಯಾಗಿಸಿ, ತನ್ನ ಹಾಸಿಗೆಯಲ್ಲೇ ಕಾವು ಕೊಟ್ಟು ಮರಿ ಮಾಡುತ್ತಾನೆ. ಅದರ ಹೆಸರು ಪೀಸುಕೆ. ಮರಿ ಮನೆಯಲ್ಲಿಡಲಾರದಷ್ಟು ಬೆಳೆದಾಗ ಕಣ್ಣೀರಿಡುತ್ತಾ ಅದರ ಕಾಲಕ್ಕೇ ಬಿಟ್ಟು ಬರುತ್ತಾನೆ. ಪುಟ್ಟ ಕಥೆ ಅಲ್ಲಿಗೆ ಮುಗಿದಿತ್ತು. ಸಿನಿಮಾ ಬಿಟ್ಟ ಜಾಗವೇ ತಪ್ಪಾಗಿತ್ತು ಎನ್ನುತ್ತದೆ. ಜಪಾನಿನ ಕಡಲಿಗೆ ಬಿಡಬೇಕಾದದ್ದನ್ನು ಉತ್ತರ ಅಮೆರಿಕಕ್ಕೆ ಬಿಟ್ಟಿದ್ದಾರೆ. ಈಗ ಮಕ್ಕಳೆಲ್ಲ ಸೇರಿ ಅದನ್ನು ಆ ಕಾಲದ ನೆಲದ ಮೇಲೇ ಜಪಾನಿಗೆ ಸಾಗಿಸಬೇಕು. ಟೈಮ್ ಮಶೀನ್ ಕೆಟ್ಟಿದೆ. ತಲೆಗೆ ಸಿಕ್ಕಿಸಿಕೊಂಡು ಹಾರುವ ಬ್ಯಾಂಬೂ ಕಾಪ್ಟರಿನ ಬ್ಯಾಟರಿ ಇಳಿಯುತ್ತಿದೆ.

ಒಂದು ಅಡ್ಡಮಾತು. ಪೀಸುಕೆ ಡೈನೋಸಾರೇ ಅಲ್ಲ. ಉದ್ದ ಕತ್ತು, ಹುಟ್ಟಿನಂಥ ಕಾಲು ಇರುವ ಪ್ಲೀಸಿಯೋಸಾರ್ ಎಂಬ ಕಡಲ ಸರೀಸೃಪ ಅದು. ಜಪಾನಿನಲ್ಲಿ ಅಂಥದೊಂದರ ಎಲುಬು ಮೊದಲು ಕಣ್ಣಿಗೆ ಬಿದ್ದದ್ದು 1968ರಲ್ಲಿ, ಫುಕುಶಿಮಾದ ಇವಾಕಿಯಲ್ಲಿ, ತದಾಶಿ ಸುಜುಕಿ ಎಂಬ ಹೈಸ್ಕೂಲು ಹುಡುಗನಿಗೆ. ಗುಡ್ಡ ಅಗೆದು ಇತಿಹಾಸ ತೆಗೆಯುವ ಬಾಲಕ ನೊಬಿತಾನೊಬ್ಬನೇ ಅಲ್ಲ, ನೋಡಿ. ಆ ಪ್ರಾಣಿಗೆ ವಿಜ್ಞಾನಿಗಳು ವಿಧ್ಯುಕ್ತವಾಗಿ 'ಫುಟಬಾಸಾರಸ್ ಸುಜುಕಿ' ಎಂದು ನಾಮಕರಣ ಮಾಡಿದ್ದು 2006ರಲ್ಲಿ. ಪೀಸುಕೆಯ ಚಿತ್ರ ಹೊಸದಾಗಿ ಮರುನಿರ್ಮಾಣವಾಗಿ ತೆರೆಗೆ ಬಂದದ್ದೂ ಅದೇ ವರ್ಷ. ಎಲುಬಿಗೆ ಹೆಸರಿಡಲು ಮೂವತ್ತೆಂಟು ವರ್ಷ ತೆಗೆದುಕೊಂಡ ದೇಶದಲ್ಲಿ ಮಕ್ಕಳ ಸಿನಿಮಾ ಒಂದು ಹೆಸರನ್ನು ತಪ್ಪು ಹೇಳಿದರೆ ನಾನಂತೂ ತಕರಾರು ಎತ್ತುವವಳಲ್ಲ.

ಇರಲಿ, ಜಿಯಾನ್‌ಗೆ ಬರೋಣ. ಆ ಪಯಣದಲ್ಲಿ ಒಮ್ಮೆ ಅವನು ಆಕಾಶದಿಂದ ಬೀಳುವುದರಲ್ಲಿರುತ್ತಾನೆ. ಕೈಲಾಗದ ನೊಬಿತಾ, ದಿನವೂ ಅವನಿಂದ ಒದೆ ತಿನ್ನುವ ನೊಬಿತಾ, ತಾನೂ ಬಿದ್ದೇನೆಂಬುದನ್ನು ಮರೆತು ಅವನ ಕೈ ಹಿಡಿದು ಬಿಡದೆ ಜೋತುಬೀಳುತ್ತಾನೆ. ಆಮೇಲೆ, ಪೀಸುಕೆಯನ್ನು ನಮಗೆ ಒಪ್ಪಿಸಿ, ನಿಮ್ಮನ್ನೆಲ್ಲ ಸುಖವಾಗಿ ಮನೆಗೆ ಮುಟ್ಟಿಸುತ್ತೇವೆ ಎಂದು ಅದರ ಬೆನ್ನುಬಿದ್ದಿದ್ದ ಕಳ್ಳಬೇಟೆಗಾರರು ಆಸೆ ತೋರಿಸುತ್ತಾರೆ. ಸುನಿಯೊ ಒಪ್ಪುವುದರಲ್ಲಿರುತ್ತಾನೆ. ಜಿಯಾನ್ ಮಾತ್ರ, ನೊಬಿತಾ ನನ್ನ ಕೈ ಬಿಡಲಿಲ್ಲ, ನಾನು ಅವನ ಜೊತೆ ನಡೆದೇ ಹೋಗುತ್ತೇನೆ ಎಂಬರ್ಥದ ಮಾತಾಡುತ್ತಾನೆ. ಸಿನಿಮಾದ ಜಿಯಾನ್ ಹುಟ್ಟಿದ್ದು ಅಲ್ಲಿ.

ಎರಡು ವರ್ಷದ ಮೇಲಿನ ಚಿತ್ರದಲ್ಲಿ ಅವನು ಇನ್ನೂ ಎತ್ತರಕ್ಕೇರಿದ. ಆಫ್ರಿಕಾದ ಕಾಡಿಗೆ ಹೊರಟಾಗ, ಡೋರೇಮಾನ್‌ನ ಸಲಕರಣೆ ಇದ್ದರೆ ಸಾಹಸಕ್ಕೇನು ರುಚಿ ಎಂದು ಹಟ ಹಿಡಿದು ಅನುಕೂಲದ ಸಾಮಾನನ್ನೆಲ್ಲ ಊರಲ್ಲೇ ಬಿಡಿಸಿ ಬಂದವನು ಇವನೇ. ಅದರಿಂದಲೇ ಎಲ್ಲರೂ ಆಪತ್ತಿಗೆ ಸಿಕ್ಕರು. ಕೊನೆಗೆ ನಾಯಿಗಳ ರಾಜ್ಯದ ರಾಜಕುಮಾರ ಪೆಕೊ ಸಾವು ಖಚಿತವೆಂದು ತಿಳಿದೂ ಶತ್ರುವಿನತ್ತ ಒಬ್ಬಂಟಿಯಾಗಿ ನಡೆದಾಗ, ಜಿಯಾನ್ ಒಂದೂ ಮಾತಾಡದೆ ಎದ್ದು ಅವನ ಹಿಂದೆ ಹೋಗುತ್ತಾನೆ. ನಾನು ಇದನ್ನು ನೋಡಿದ್ದು ಬುದ್ಧಿ ಮಾಗಿದ ವಯಸ್ಸಿನಲ್ಲಿ. ಆದರೂ ಸೆರಗು ಕಣ್ಣಿಗೆ ಹೋಯಿತು. ಮಹಾಭಾರತದ ಉದ್ದಕ್ಕೂ ಹಲ್ಲು ಕಡಿದುಕೊಂಡೇ ನೋಡಿದ ದುರ್ಯೋಧನ ರನ್ನನ ಕೈಗೆ ಸಿಕ್ಕ ಮೇಲೆ, ರಣರಂಗದಲ್ಲಿ ಕರ್ಣನಿಗಾಗಿ ಅತ್ತು, ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯಕ್ಕೂ ಕೈಮುಗಿಯುತ್ತಾನಲ್ಲ, ಹಾಗೆ. ಟೀವಿಗೆ ರನ್ನ ದಿನಾ ಬರುವುದಿಲ್ಲ, ಅಷ್ಟೇ.

ಇಷ್ಟೆಲ್ಲ ಜಿಯಾನ್ ಪರ ವಕಾಲತ್ತು ಯಾಕೆಂದರೆ ನಮ್ಮ ಊರಲ್ಲೂ ಒಬ್ಬನಿದ್ದ. ಹೆಸರು ಬೇಡ, ಈಗ ಅವನೂ ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುವವ. ನಮ್ಮ ಮಲೆನಾಡಿನ ಆ ಹಳ್ಳಿಯಲ್ಲಿ ಪೇರಲೆ ಮರ ಯಾರ ಹಿತ್ತಲಲ್ಲಿದ್ದರೂ ಮೊದಲ ಕಾಯಿ ಅವನದು. ಅವನ ವಿಶೇಷ ಆಯುಧ ಗಜ್ಜುಗ. ಬೂದುಬಣ್ಣದ ಆ ಗಟ್ಟಿ ಬೀಜವನ್ನು ಶಾಲೆಯ ಜಗಲಿಯ ಕಲ್ಲಿಗೆ ಸರಸರ ಉಜ್ಜಿ, ಕಾದೊಡನೆ ಪಕ್ಕದವರ ತೋಳಿಗೆ ಒತ್ತುವುದು. ಚುರ್ ಎನ್ನುತ್ತಿತ್ತು. ನಾವು ಹೆಣ್ಣುಮಕ್ಕಳು ಆಡಲು ಕೂಡಿಟ್ಟ ಗಜ್ಜುಗವನ್ನೇ ಕಿತ್ತುಕೊಂಡು ನಮಗೇ ಬರೆ ಇಡುತ್ತಿದ್ದ.

ಒಂದು ಆಷಾಢದಲ್ಲಿ ಶಾಲೆಯಿಂದ ಬರುವಾಗ ಹಳ್ಳ ತುಂಬಿತ್ತು. ಅಡಿಕೆಮರದ ಎರಡು ದಬ್ಬೆ ಹಾಸಿದ ಸಂಕ, ಹಿಡಿದುಕೊಳ್ಳಲು ಒಂದು ಬಿದಿರು. ನನ್ನ ಕಾಲು ಪಾಚಿಯ ಮೇಲೆ ಜಾರಿತು. ಕೊಡೆ, ಚೀಲ, ನಾನು ಎಲ್ಲ ಒಟ್ಟಿಗೆ ಕೆಳಗೆ. ಬಾಯಿಗೆ ನುಗ್ಗಿದ ಕೆಂಪುನೀರಿನ ಮಣ್ಣಿನ ರುಚಿ ಇವತ್ತಿಗೂ ನೆನಪಿದೆ. ಜಡೆ ಹಿಡಿದು ಯಾರೋ ಎಳೆದರು. ದಡಕ್ಕೆ ಹಾಕಿದಾಗ ನೋಡಿದರೆ ಅವನು. ಅವನ ಮೊಣಕೈ ಬಂಡೆಗೆ ತರಚಿ ರಕ್ತ ಸೋರುತ್ತಿತ್ತು. ಮತ್ತೆ ಇಳಿದು ಚೀಲವನ್ನೂ ತಂದ. ಕೊಡೆ ಹೋಗಿತ್ತು. ಏನಾದರೂ ಅಂದಾನು ಎಂದು ಕಾದೆ. "ನಿಮ್ಮನೇಲಿ ಹೇಳ್ಬೇಡ, ನಮ್ಮಪ್ಪಂಗೆ ಗೊತ್ತಾದ್ರೆ ಬಡೀತಾನೆ" ಅಂದು, ನೀರು ತೊಟ್ಟಿಕ್ಕುವ ಅಂಗಿಯಲ್ಲೇ ತೋಟದ ದಾರಿ ಹಿಡಿದ.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಸಾಲು ನಿಂತಾಗ ನನ್ನ ತೋಳಿಗೆ ಚುರ್ ಎಂದಿತು. ತಿರುಗಿದರೆ ಅದೇ ಮುಖ, ಅದೇ ನಗು, ಮೊಣಕೈಗೆ ಅರಿಶಿನ ಮೆತ್ತಿದ ಬಟ್ಟೆ.

ಆಗ ಬಂದದ್ದು ಸಿಟ್ಟು, ಅಳು ಎರಡೂ. ಈಗ ಯೋಚಿಸಿದರೆ ಬೇರೆಯೇ ತೋರುತ್ತದೆ. ಅವನು ನನ್ನನ್ನು ಹಳ್ಳದಿಂದ ಎತ್ತಿದ್ದನ್ನು ಒಂದು ದಿನವೂ ಸಾಲದ ಪುಸ್ತಕಕ್ಕೆ ಬರೆಯಲಿಲ್ಲ. ಪೇರಲೆ ಕಿತ್ತುಕೊಳ್ಳುವಾಗ, ಪಟ್ಟಿ ಪುಸ್ತಕ ನಕಲು ಮಾಡಿಸಿಕೊಳ್ಳುವಾಗ ಅದನ್ನು ಎತ್ತಿ ಆಡಲಿಲ್ಲ. ಗಜ್ಜುಗವನ್ನು ಮಾತ್ರ ತನ್ನ ತೋಳ್ಬಲದಿಂದಲೇ ವಸೂಲಿ ಮಾಡಿದ. ಬರೆ ಇಡುವುದನ್ನು ಅವನು ನಿಲ್ಲಿಸಿಬಿಟ್ಟಿದ್ದರೆ ನಾನು ಜೀವಮಾನವಿಡೀ ಅವನ ಹಂಗಿನಲ್ಲಿ ಬದುಕಬೇಕಾಗುತ್ತಿತ್ತು. ಬೈದುಕೊಂಡು ಓಡಾಡುವ ಸ್ವಾತಂತ್ರ್ಯವನ್ನಾದರೂ ಅವನು ನನಗೆ ಉಳಿಸಿಕೊಟ್ಟ. ಸಿನಿಮಾ ಸೋಮವಾರಕ್ಕೆ ದಾಟಬಾರದು ಎಂದು ನಾನು ವಾದಿಸುವುದು ಇದಕ್ಕೇ. ನಿರ್ಮಾಪಕರ ಕಾರಣ ಬೇರೆ ಇರಬಹುದು, ನನ್ನ ಕಾರಣ ಇದು.

ಅಲ್ಲದೆ, ಡೋರೇಮಾನ್‌ಗೆ ಒಂದೇ ಎಳೆಯ ಕಥೆ ಎಂಬುದು ಹುಟ್ಟಿದಾರಭ್ಯ ಇಲ್ಲ. ಅದು ಮೊದಲು ಅಚ್ಚಾದದ್ದು ಶೋಗಾಕುಕಾನ್ ಪ್ರಕಾಶನದ ಮಕ್ಕಳ ಪತ್ರಿಕೆಗಳ 1970ರ ಜನವರಿ ಸಂಚಿಕೆಯಲ್ಲಿ, ಒಮ್ಮೆಗೇ ಆರು ಪತ್ರಿಕೆಗಳಲ್ಲಿ. ಶಿಶುವಿಹಾರದ ಮಗುವಿಗೆ ಒಂದು ಪತ್ರಿಕೆ, ನಾಲ್ಕನೇ ತರಗತಿಯವನಿಗೆ ಇನ್ನೊಂದು. ಓದುವ ಮಕ್ಕಳ ವಯಸ್ಸು ನೋಡಿ ಫುಜಿಮೊಟೊ ಮೊದಲ ಕಂತನ್ನೇ ಬೇರೆ ಬೇರೆ ಥರ ಬರೆದುಕೊಟ್ಟಿದ್ದರು. ಅಣ್ಣನ ಪತ್ರಿಕೆಯಲ್ಲಿ ಮೇಜಿನ ಖಾನೆಯಿಂದ ಬಂದ ಡೋರೇಮಾನ್ ತಮ್ಮನ ಪತ್ರಿಕೆಯಲ್ಲಿ ಬಂದ ಬಗೆಯೇ ಬೇರೆ. ಒಂದೇ ಮನೆಯಲ್ಲಿ ಇಬ್ಬರೂ ಜಗಳಕ್ಕೆ ಬಿದ್ದಿದ್ದರೆ ಇಬ್ಬರೂ ಸರಿ.

ಆರಂಭದಂತೆ ಕೊನೆಯೂ ಹಲವು. ನಾಲ್ಕನೇ ತರಗತಿ ಮುಗಿಸಿದ ಮಕ್ಕಳು ಪತ್ರಿಕೆ ಬಿಟ್ಟು ಹೋಗುತ್ತಿದ್ದರಲ್ಲ, ಅವರಿಗೆಂದು 1971ರ ಮಾರ್ಚ್‌ನಲ್ಲಿ ಒಮ್ಮೆ ಡೋರೇಮಾನ್ ಭವಿಷ್ಯಕ್ಕೆ ಮರಳಿದ. 1972ರ ಮಾರ್ಚ್‌ನಲ್ಲಿ ಇನ್ನೊಮ್ಮೆ, ಬೇರೆ ಕಾರಣಕ್ಕೆ ಹೋದ. ಚಿಕ್ಕ ತರಗತಿಗಳ ಪತ್ರಿಕೆಯಲ್ಲಿ ಏನೂ ಆಗದವನಂತೆ ಇದ್ದ. 1973ರಲ್ಲಿ ಬೇರೊಂದು ವಾಹಿನಿ ಅವನನ್ನು ಟೀವಿಗೆ ತಂದು ಆರು ತಿಂಗಳಿಗೇ ನಿಲ್ಲಿಸಿತು. ಅದೂ ಒಂದು ಕೊನೆ. ಲೇಖಕರು ತೀರಿಕೊಂಡದ್ದು 1996ರ ಸೆಪ್ಟೆಂಬರ್‌ನಲ್ಲಿ, ಮುಂದಿನ ಚಿತ್ರದ ದೀರ್ಘ ಕಥೆ ಅರ್ಧದಲ್ಲಿದ್ದಾಗ. ಶಿಷ್ಯರು ಅದನ್ನು ಪೂರೈಸಿದರು, ಮರುವರ್ಷದ ಮಾರ್ಚ್‌ಗೆ ಚಿತ್ರವೂ ಬಂತು.

ಕೊನೆಗಳಲ್ಲೆಲ್ಲ ಹೆಸರಾದದ್ದು ಮೂರನೇ ತರಗತಿಯವರ ಪತ್ರಿಕೆಯ 1974ರ ಮಾರ್ಚ್ ಸಂಚಿಕೆಯದು. ಡೋರೇಮಾನ್ ಹೊರಟುಹೋಗಬೇಕು. ತಾನಿಲ್ಲದೆ ಈ ಹುಡುಗನ ಗತಿಯೇನು ಎಂಬ ಚಿಂತೆ ಅವನಿಗೆ. ಆ ಚಿಂತೆ ತಪ್ಪಿಸಬೇಕೆಂದು ನೊಬಿತಾ ನಡುರಾತ್ರಿ ಜಿಯಾನ್‌ನೊಂದಿಗೆ ಒಬ್ಬನೇ ಕಾದಾಡುತ್ತಾನೆ. ಹೊಡೆತ ತಿಂದಷ್ಟೂ ಎದ್ದು ಬರುತ್ತಾನೆ. ಕಡೆಗೆ ಬೇಸತ್ತು ಜಿಯಾನ್, ತಪ್ಪಾಯಿತು ಬಿಡು ಎಂದು ಸೋಲೊಪ್ಪುತ್ತಾನೆ. ಬೆಳಗಾದಾಗ ಡೋರೇಮಾನ್ ಇಲ್ಲ.

ಅದನ್ನೋದಿ ಅತ್ತ ಮಕ್ಕಳು ಏಪ್ರಿಲ್‌ನಲ್ಲಿ ನಾಲ್ಕನೇ ತರಗತಿಗೆ ತೇರ್ಗಡೆಯಾಗಿ, ನಾಲ್ಕನೆಯವರ ಪತ್ರಿಕೆ ಬಿಡಿಸುತ್ತಾರೆ. ಅಲ್ಲಿ ಏಪ್ರಿಲ್ ಒಂದನೇ ತಾರೀಕು. ಸೋಲೊಪ್ಪಿ ಕ್ಷಮೆ ಕೇಳಿದ್ದ ಅದೇ ಜಿಯಾನ್, ಡೋರೇಮಾನ್ ವಾಪಸು ಬಂದಿದ್ದಾನೆ ಕಣೋ ಎಂದು ನೊಬಿತಾನಿಗೆ ಸುಳ್ಳು ಹೇಳುತ್ತಾನೆ, ಏಪ್ರಿಲ್ ಫೂಲ್ ಮಾಡಲು. ನೊಬಿತಾ ನಂಬಿ, ಡೋರೇಮಾನ್‌ಗೆ ಕೊಡಲೆಂದು ತಿಂಡಿ ತರಲು ಓಡುತ್ತಾನೆ.