ಉಳವಿಯ ಹಾದಿಯಲ್ಲಿ ಅಜ್ಜನವರ ನೆನಪು

ಶರಣರ ಪುಣ್ಯಕ್ಷೇತ್ರಗಳಲ್ಲಿ ಉಳವಿಗೆ ವಿಶಿಷ್ಟ ಸ್ಥಾನವಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯ ತರುವಾಯ, ಅವಿರಳಜ್ಞಾನಿ ಚನ್ನಬಸವಣ್ಣನವರು ಶರಣಗಣದೊಡನೆ ವಚನದ ಕಟ್ಟುಗಳನ್ನು ರಕ್ಷಿಸಿಕೊಂಡು ಸಹ್ಯಾದ್ರಿಯ ಈ ದಟ್ಟಾರಣ್ಯವನ್ನು ಸೇರಿದರೆಂಬುದು ಪರಂಪರೆಯ ನಂಬಿಕೆ. ಆ ಹಾದಿಯ ಗುರುತುಗಳು ಇಂದಿಗೂ ಉಳಿದಿವೆ. ಮುಗುಟಖಾನ ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಮಡಿಲಲ್ಲಿ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರ ಸಮಾಧಿಯಿದೆ. ಉಳವಿಯಲ್ಲಿ ಚನ್ನಬಸವಣ್ಣನವರ ಸಮಾಧಿಯಲ್ಲದೆ ಮಹಾಮನೆ ಗವಿ, ಆಕಳ ಗವಿ, ಹರಳಯ್ಯನ ಚಿಲುಮೆ ಮೊದಲಾದ ತಾಣಗಳಿವೆ. ಆಶ್ರಯವನ್ನರಸಿ ಬಂದವರಿಗೆ ಕಾಡು ಆಶ್ರಯ ನೀಡಿತು. ಉಳವಿಯ ಮಹಿಮೆಯ ಮೂಲ ಇದೇ ಎಂದು ನಮ್ಮ ಅಜ್ಜನವರು ಹೇಳುತ್ತಿದ್ದರು. ಹಾಗೆ ಹೇಳಲು ಅವರಿಗೆ ಸ್ವಂತದ ಕಾರಣವೂ ಇತ್ತು.

ಅಜ್ಜನವರು 1908ರಲ್ಲಿ ಧಾರವಾಡ ತಾಲೂಕಿನ ಒಂದು ಒಕ್ಕಲುತನದ ಮನೆಯಲ್ಲಿ ಜನಿಸಿದರು. ಶಾಲೆಯ ವಿದ್ಯೆ ನಾಲ್ಕನೆಯ ಇಯತ್ತೆಗೇ ಮುಗಿಯಿತು. ಕಾಲುಗಳು ಮಾತ್ರ ಮನೆಯಲ್ಲಿ ನಿಲ್ಲಲಿಲ್ಲ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನೆರೆಯಿತು. ಮಹಾತ್ಮಾ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ಹದಿನಾರರ ಹುಡುಗ ಗೆಳೆಯರೊಡನೆ ಬುತ್ತಿ ಕಟ್ಟಿಕೊಂಡು ನಡೆದೇ ಬೆಳಗಾವಿಯನ್ನು ಮುಟ್ಟಿದನು. 1930ರ ಎಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆರಂಭವಾದಾಗ ಘಟ್ಟ ಇಳಿದು ಅಲ್ಲಿಗೂ ಹೋದರು. ಧೋತರದ ಸೆರಗಿನಲ್ಲಿ ಗಂಟು ಹಾಕಿ ತಂದ ಉಪ್ಪನ್ನು ಮುತ್ತಜ್ಜಿ ಮನೆಮಂದಿಗೆಲ್ಲ ಒಂದೊಂದು ಹರಳು ಹಂಚಿದರಂತೆ.

1942ರ ಚಲೇಜಾವ್ ಚಳವಳಿಯಲ್ಲಿ ಊರ ಚಾವಡಿಯ ದಫ್ತರಕ್ಕೆ ಬೆಂಕಿ ಬಿದ್ದಿತು. ಅಜ್ಜನವರ ಮೇಲೆ ವಾರಂಟು ಹೊರಟಿತು. ಆಗ ಅವರು ಹಿಡಿದದ್ದು ವರುಷವರುಷವೂ ಜಾತ್ರೆಗೆಂದು ಚಕ್ಕಡಿ ಹೂಡಿಕೊಂಡು ಹೋಗುತ್ತಿದ್ದ ಉಳವಿಯ ಹಾದಿಯನ್ನೇ. ಹಳಿಯಾಳ, ದಾಂಡೇಲಿ ದಾಟಿ, ಹೆದ್ದಾರಿ ಬಿಟ್ಟು ಕಾಡು ಹೊಕ್ಕರು. ಮಳೆಗಾಲದ ಕಾಡು, ಮೈತುಂಬ ಇಂಬಳ, ಮೇಲೆ ಚಳಿಜ್ವರ. ಮೂರನೆಯ ದಿನ ಒಂದು ಕುಣಬಿಯರ ಗುಡಿಸಲ ಮುಂದೆ ಕುಸಿದುಬಿದ್ದರು. ಆ ಮನೆಯವರಿಗೆ ಕನ್ನಡ ಬಾರದು, ಅಜ್ಜನವರಿಗೆ ಕೊಂಕಣಿ ಬಾರದು. ಮನೆಯ ತಾಯಿ ಬೆಂಕಿಯ ಬದಿಗೆ ಮಲಗಿಸಿ, ಬೇಯಿಸಿದ ಗೆಣಸು, ಗಂಜಿ ಕೊಟ್ಟು ಉಳಿಸಿದಳು. ಯಾರು, ಎಲ್ಲಿಯವನು, ಯಾವ ಜಾತಿ ಎಂದು ಕೇಳಲಿಲ್ಲ. ಕೇಳಲು ಭಾಷೆಯೂ ಇರಲಿಲ್ಲ. ಎರಡು ತಿಂಗಳು ಅಲ್ಲಿದ್ದು, ಊರಿಗೆ ಮರಳಿದಾಗ ಸೆರೆಸಿಕ್ಕು, ಹಿಂಡಲಗಿ ಜೈಲಿನಲ್ಲಿ ಶಿಕ್ಷೆ ಅನುಭವಿಸಿದರು.

ಬಿಡುಗಡೆಯಾದ ವರುಷದಿಂದ ಅಜ್ಜನವರ ಉಳವಿ ಯಾತ್ರೆಗೆ ಹೊಸದೊಂದು ಅರ್ಥ ಬಂದಿತು. ಮಾಘಮಾಸದಲ್ಲಿ ಭಾರತ ಹುಣ್ಣಿಮೆಯ ಸುಮಾರಿಗೆ ಜಾತ್ರೆ. ಧಾರವಾಡ, ಬೆಳಗಾವಿ, ಹಾವೇರಿ ಸೀಮೆಗಳಿಂದ ಕೊಲ್ಲಾರಿ ಚಕ್ಕಡಿಗಳ ಸಾಲು ಹೊರಡುತ್ತದೆ. ಕಿಲಾರಿ ಎತ್ತುಗಳಿಗೆ ಜೂಲ, ಕೊರಳಿಗೆ ಗೆಜ್ಜೆಸರ. ಚಕ್ಕಡಿಯೊಳಗೆ ಸಜ್ಜಿರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾಹೋಳಿಗೆ, ಮಾದಲಿ. ಹಿಂದೆ ಎತ್ತುಗಳಿಗೆ ಕಣಿಕೆ. ಇವೆಲ್ಲದರ ಜೊತೆಗೆ ನಮ್ಮ ಚಕ್ಕಡಿಯಲ್ಲಿ ಒಂದು ಚೀಲ ಬಿಳಿಜೋಳ ಇರಲೇಬೇಕು. ಕುಂಬಾರವಾಡದ ಸಮೀಪ ಅಜ್ಜನವರು ಸಾಲನ್ನು ಬಿಟ್ಟು ಒಳಹಾದಿಗೆ ಎತ್ತುಗಳನ್ನು ತಿರುವುತ್ತಿದ್ದರು. ಮೊದಲು ಆ ಮನೆ, ಆಮೇಲೆ ಚನ್ನಬಸವಣ್ಣನವರ ದರ್ಶನ. ಬಾಲ್ಯದಲ್ಲಿ ನಾನೂ ಜೊತೆಗಿದ್ದೆ. “ಅವರಿಗೆ ದಾನ ಕೊಡಾಕ ಹೊಂಟೀವೇನಜ್ಜಾ?” ಎಂದು ಒಮ್ಮೆ ಕೇಳಿದೆ. “ದಾನ ಅಲ್ಲೋ ತಮ್ಮಾ, ಸಾಲ ತೀರಸಾಕ,” ಎಂದರು.

ಆದರೆ ಆ ಸಾಲ ತೀರಲಿಲ್ಲ. ಜೋಳ ಇಳಿಸಿಕೊಂಡ ಮನೆಯವರು ಅದೇ ಚೀಲದ ತುಂಬ ಗೆಡ್ಡೆಗೆಣಸು ತುಂಬಿ ಮರಳಿಸುತ್ತಿದ್ದರು. ಬರಿದಾದ ಚೀಲ ಎಂದೂ ಊರಿಗೆ ಬರಲಿಲ್ಲ. ದಾಸೋಹವೆಂದರೆ ಇದ್ದವನು ಇಲ್ಲದವನಿಗೆ ಕೊಡುವುದೆಂದು ನಾವು ಸುಲಭವಾಗಿ ತಿಳಿಯುತ್ತೇವೆ. ಕೊಡುವವನೇ ಪಡೆಯುವವನೂ ಆಗುವ, ಲೆಕ್ಕ ಎಂದೂ ಮುಗಿಯದ ಸಂಬಂಧವದು ಎಂಬುದನ್ನು ನಾನು ಕಲಿತದ್ದು ಪ್ರವಚನದಿಂದಲ್ಲ, ಆ ಚೀಲದಿಂದ.

ಹಾದಿ ಈಗ ಬದಲಾಗಿದೆ. ಕಾಳಿ ನದಿಗೆ 101 ಮೀಟರ್ ಎತ್ತರದ ಸೂಪಾ ಆಣೆಕಟ್ಟು ಕಟ್ಟಿದ ಮೇಲೆ, 1980ರ ದಶಕದಲ್ಲಿ ಹಳೆಯ ಸೂಪಾ ಪಟ್ಟಣ ನೀರಿನಲ್ಲಿ ಮುಳುಗಿತು. ತಾಲೂಕಿನ ಕಚೇರಿಗಳು ಜೊಯಿಡಾಕ್ಕೆ ಹೋದವು. ಹಿನ್ನೀರನ್ನು ಮೊದಲ ಸಲ ಕಂಡಾಗ ಅಜ್ಜನವರು ಎತ್ತುಗಳನ್ನು ನಿಲ್ಲಿಸಿ ಬಹಳ ಹೊತ್ತು ನೋಡಿದರು. “ಸಂತಿ ಮಾಡಿದ ಊರು,” ಎಂದಷ್ಟೇ ಹೇಳಿ ಹಗ್ಗ ಹಿಡಿದರು. ಈಗ ಇಲ್ಲಿಯ ಅರಣ್ಯದ ಬಹುಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ಕುಣಬಿಯರ ಗೆಡ್ಡೆಗೆಣಸುಗಳಿಗಾಗಿ ಜೊಯಿಡಾದಲ್ಲಿ ಮೇಳಗಳೇ ನಡೆಯುತ್ತವೆ.

ಅಜ್ಜನವರು 1991ರಲ್ಲಿ ಲಿಂಗೈಕ್ಯರಾದರು. ಆಳುಕಾಳು ಸಾಲದೆ ಮನೆಯ ಎತ್ತುಗಳನ್ನೂ ಕೆಲವು ವರುಷಗಳಲ್ಲಿ ಮಾರಬೇಕಾಯಿತು. ಚಕ್ಕಡಿಯ ಗಾಲಿಗಳು ಹಿತ್ತಿಲ ಗೋಡೆಗೆ ಒರಗಿವೆ. ಚೀಲ ಮಾತ್ರ ಬಸ್ಸಿನ ಮೇಲೆ ಹೋಯಿತು, ಮುಂದೆ ಟ್ರ್ಯಾಕ್ಟರಿನಲ್ಲಿ ಹೋಯಿತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗ, “ಅವರಿಗೀಗ ರೇಷನ್ ಅಕ್ಕಿ ಬರತೈತಿ, ಜೋಳ ಯಾಕಪ್ಪಾ?” ಎಂದು ಕೇಳಿದ್ದುಂಟು. ಕಳೆದ ಜಾತ್ರೆಗೆ ಅವನನ್ನೇ ಕಾರಿನಲ್ಲಿ ಕರೆದೊಯ್ದೆ. ಆ ತಾಯಿಯ ಮೊಮ್ಮಗಳು ಶಾಲೆಯಲ್ಲಿ ಕಲಿತ ಅಚ್ಚಗನ್ನಡದಲ್ಲಿ ಅವನನ್ನು “ಅಣ್ಣಾ, ಬನ್ನಿ” ಎಂದು ಕರೆದಳು. ಮರಳಿ ಹೊರಟಾಗ ಗೆಣಸಿನ ಚೀಲವನ್ನು ಮಗ ತಾನೇ ಹೊತ್ತು ಕಾರಿನಲ್ಲಿಟ್ಟ. ಅವನ ಪ್ರಶ್ನೆಗೆ ನಾನು ಬೇರೆ ಉತ್ತರ ಹೇಳಬೇಕಾಗಲಿಲ್ಲ.

ಉಳವಿಗೆ ಹೋಗುವ ಶರಣ ಬಂಧುಗಳು ಗವಿಗಳನ್ನು ನೋಡಬೇಕು, ಸಮಾಧಿಗೆ ಮಣಿಯಬೇಕು. ಅದರೊಡನೆ ಹಾದಿಬದಿಯ ಹುಲ್ಲುಮಾಡಿನ ಮನೆಗಳನ್ನೂ ಗೌರವದಿಂದ ಕಾಣಬೇಕು. ನಮ್ಮ ಹಿರಿಯರನ್ನು ಕಾಪಾಡಿದ ಕಾಡಿನಲ್ಲಿ ಮನುಷ್ಯರೂ ಇದ್ದರು, ಇಂದಿಗೂ ಇದ್ದಾರೆ.