ಮರ್ಫಿ ಟೌನಿನಲ್ಲಿ ಒಂದು ಪುಟ್ಟ ಕಾರು

ಹಲಸೂರಿನ ಮೆಟ್ರೋ ನಿಲ್ದಾಣದಲ್ಲಿಳಿದು, ಹಳೆಯ ಮದರಾಸು ರಸ್ತೆಯ ಗದ್ದಲವನ್ನು ಹಿಂದಿಕ್ಕಿ ಒಳಹೊಕ್ಕವರಿಗೆ ದಂಡುಪ್ರದೇಶದ ಹಳೆಯ ಬಡಾವಣೆಯೊಂದು ಎದುರಾಗುತ್ತದೆ. ಒಂದು ಕಡೆ ಹಲಸೂರು ಕೆರೆ, ಇನ್ನೊಂದು ಕಡೆ ಇಂದಿರಾನಗರದ ಥಳುಕಿನ ಅಂಗಡಿಸಾಲು. ನಡುವೆ ಮರ್ಫಿ ಟೌನ್. ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ಉರ್ದು, ಇಂಗ್ಲಿಷ್ ನಾಲ್ಕೂ ಕಿವಿಗೆ ಬೀಳುವ ಸ್ಥಳವಿದು.

ಮೊದಲು ಇದರ ಹೆಸರು ನಾಕ್ಸ್‌ಪೇಟೆ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಎಂಜಿನಿಯರಾಗಿದ್ದ ಮರ್ಫಿಯವರು ಬಡಜನರಿಗಾಗಿ ಇಲ್ಲಿ ವಸತಿಯ ನಕ್ಷೆ ಹಾಕಿದರು. ಮುಂದೆ ಅವರ ಹೆಸರೇ ಊರಿಗೆ ನಿಂತಿತು. 1947ರಲ್ಲಿ ದಂಡುಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಇಲ್ಲಿಂದ ಪೂರ್ವಕ್ಕೆ 1940ರಲ್ಲಿ ಸ್ಥಾಪನೆಯಾದ ವಿಮಾನ ಕಾರ್ಖಾನೆ ಇದೆ. ನಗರದ ಈ ಭಾಗದ ಎಷ್ಟೋ ಸಂಸಾರಗಳಿಗೆ ಅನ್ನವನ್ನೂ, ಎಷ್ಟೋ ಕೈಗಳಿಗೆ ಕಸುಬನ್ನೂ ಕೊಟ್ಟ ಕಾರ್ಖಾನೆ ಅದು.

ಇಂತಹ ಬೀದಿಯ ಒಂದು ಜಗಲಿಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ತಾತ. ಹನ್ನೆರಡು ವರ್ಷದ ಮೊಮ್ಮಗ. ಇಬ್ಬರ ನಡುವೆ, ರೇಡಿಯೋ ಅಲೆಗಳ ಅಪ್ಪಣೆಯಂತೆ ಓಡುವ ಆಟದ ಕಾರು. ಕಲ್ಲಿಗೆ ಬಡಿದು ಅದರ ಮೈಯ ಚಕ್ರದ ಕಮಾನಿನಿಂದ ಬಾಗಿಲಿನವರೆಗೆ ಬಿರುಕು ಬಿಟ್ಟಿದೆ.

“ಹೊಸ ಬಾಡಿ ತರಿಸೋಣ, ತಾತ.”

“ಅದರ ಬೆಲೆಗೆ ನಿನ್ನ ವರ್ಷದ ಪುಸ್ತಕಗಳು ಬರುತ್ತವೆ, ಮರಿ. ಬಿರುಕು ಎಲ್ಲಿ ನಿಂತಿದೆ, ಮೊದಲು ಅದನ್ನು ತೋರಿಸು.”

ರೇಡಿಯೋ ಮೂಲಕ ದೂರದಿಂದ ವಾಹನ ನಡೆಸುವ ವಿದ್ಯೆ ಹಳೆಯದು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ಹೀಗೆ ನಡೆಸಿ ಜನರನ್ನು ಬೆರಗುಗೊಳಿಸಿದರು. ಜಪಾನಿನ ತಮಿಯಾ ಸಂಸ್ಥೆ ತನ್ನ ಮೊದಲ ರೇಡಿಯೋ ಕಾರನ್ನು 1976ರಲ್ಲಿ ಹೊರತಂದಿತು. ಅಸಲಿನ ಹನ್ನೆರಡನೆಯ ಒಂದು ಅಳತೆಯ ಪೋರ್ಷೆ ಕಾರು ಅದು. ಇಂತಹ ಕಾರುಗಳ ಮೈ ಸಾಮಾನ್ಯವಾಗಿ ಎರಡು ಬಗೆಯ ಪ್ಲಾಸ್ಟಿಕ್ಕಿನದು. ಒಂದು, ಗಾಜಿನಂತೆ ಪಾರದರ್ಶಕವಾಗಿ, ಒತ್ತಿದರೆ ಬಾಗುವ ತೆಳುವಾದ ಪಾಲಿಕಾರ್ಬನೇಟ್. ಇನ್ನೊಂದು, ಗಡುಸಾದ ಎ.ಬಿ.ಎಸ್.

ಈ ಭೇದವನ್ನು ತಿಳಿಯದೆ ಕೈಹಾಕಿದರೆ ಕೆಲಸ ಕೆಟ್ಟಿತೆಂದೇ ತಿಳಿಯಬೇಕು. ಉಗುರುಬಣ್ಣ ತೆಗೆಯಲು ಬಳಸುವ ಅಸಿಟೋನ್ ಎ.ಬಿ.ಎಸ್.ಗೆ ಬಂಧು. ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅದರಲ್ಲಿ ಕರಗಿಸಿದರೆ ಗಟ್ಟಿ ಸರಿಯಾಗುತ್ತದೆ. ಬಿರುಕಿಗೆ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿದರೆ ಗಾಯದ ಗುರುತೂ ಉಳಿಯದು. ಅದೇ ದ್ರವ ಪಾಲಿಕಾರ್ಬನೇಟಿಗೆ ತಗುಲಿದರೆ ಮೈಯೆಲ್ಲ ಮಸುಕಾಗಿ, ಕೂದಲೆಳೆಯಂತಹ ಸೀಳುಗಳು ಹರಡುತ್ತವೆ. ಹುಡುಗ ಅಕ್ಕನ ಶೀಶೆಯನ್ನು ಆಗಲೇ ತಂದಿಟ್ಟಿದ್ದ! ತಾತ ಕಾರಿನ ಅಂಚನ್ನು ಮೆಲ್ಲನೆ ಬಾಗಿಸಿ ನೋಡಿ, ಶೀಶೆಯನ್ನು ದೂರ ಸರಿಸಿದರು.

ಬಿರುಕಿನ ತುದಿಯಲ್ಲಿ ಒಂದು ಸಣ್ಣ ರಂಧ್ರ ಕೊರೆಯುವುದೇ ಮೊದಲ ಕೆಲಸ. ಚೂಪಾದ ತುದಿಯಲ್ಲಿ ಒತ್ತಡವೆಲ್ಲ ಒಂದೆಡೆ ಸೇರುವುದರಿಂದ ಬಿರುಕು ಮುಂದುವರಿಯುತ್ತದೆ. ದುಂಡು ರಂಧ್ರದ ಸುತ್ತ ಆ ಒತ್ತಡ ಹಂಚಿಹೋಗುತ್ತದೆ. ವಿಮಾನದ ಲೋಹದ ತಗಡಿಗೂ ಇದೇ ಉಪಾಯ. ಆದರೆ ತಾತನ ಕೈ ಈಗ ನಡುಗುತ್ತದೆ. ಅವರು ಬೈರಿಗೆಯನ್ನು ಮೊಮ್ಮಗನ ಕೈಗಿತ್ತು, ಮೊಣಕೈಯನ್ನಷ್ಟೇ ಹಿಡಿದರು. “ಒತ್ತಬೇಡ, ತಾನೇ ಇಳಿಯಲಿ.”

ಬಳಿಕ ಹೊರಗಿನಿಂದ ಅಂಟುಪಟ್ಟಿ ಹಚ್ಚಿ ಸೀಳಿನ ಎರಡು ಅಂಚುಗಳನ್ನೂ ಕೂಡಿಸಬೇಕು. ಒಳಭಾಗವನ್ನು ಒರೆಸಿ ಶುಚಿಮಾಡಿ, ನೂಲಿನ ಜಾಲರಿಯ ತುಂಡನ್ನಿಟ್ಟು, ಚಪ್ಪಲಿ ರಿಪೇರಿಗೆ ಬಳಸುವಂತಹ, ಒಣಗಿದರೂ ರಬ್ಬರಿನಂತೆ ಬಾಗುವ ಅಂಟನ್ನು ಸವರಬೇಕು. ಕ್ಷಣದಲ್ಲಿ ಹಿಡಿಯುವ ಅಂಟು ಇಲ್ಲಿ ಸಲ್ಲದು. ಅದು ಗಾಜಿನಂತೆ ಗಡುಸಾಗಿ ಮುಂದಿನ ಪೆಟ್ಟಿಗೇ ಸಿಡಿಯುತ್ತದೆ. ಒಂದು ಹಗಲು, ಒಂದು ರಾತ್ರಿ ಮುಟ್ಟದೆ ಕಾಯಬೇಕು. ಹುಡುಗರಿಗೆ ಇದೇ ಕಠಿಣ ತಪಸ್ಸು!

ಬಣ್ಣದ ವಿಚಾರ ಇನ್ನೂ ಸ್ವಾರಸ್ಯಕರ. ಪಾರದರ್ಶಕವಾದ ಈ ಮೈಗೆ ಬಣ್ಣ ಬಳಿಯುವುದು ಒಳಗಿನಿಂದ. ಆಗ ನೆಲಕ್ಕೆ ಉಜ್ಜಿದರೂ ಬಣ್ಣ ಕೀಳದು. ಹೀಗಾಗಿ ಕ್ರಮವೂ ತಲೆಕೆಳಗು: ಹೊರಗೆ ಮೇಲೆ ಕಾಣಬೇಕಾದ ಗೆರೆಗಳನ್ನು ಮೊದಲು ಬಳಿದು, ಹಿನ್ನೆಲೆಯ ಬಣ್ಣವನ್ನು ಕಡೆಗೆ ಬಳಿಯಬೇಕು. ತಿಳಿಬಣ್ಣಗಳ ಬೆನ್ನಿಗೆ ಬಿಳಿಯ ಲೇಪವಿದ್ದರೆ ಅವು ಹೊಳೆಯುತ್ತವೆ.

ಮರುದಿನ ಅಂಟುಪಟ್ಟಿ ಕಿತ್ತಾಗ ಬಿರುಕು ಕೂಡಿತ್ತು. ಅದರ ಗೆರೆ ಮಾತ್ರ ಕಾಣುತ್ತಿತ್ತು. ಹುಡುಗನ ಮುಖ ಸಪ್ಪಗಾಯಿತು.

“ಇರಲಿ ಬಿಡು. ನಮ್ಮ ಗೋಡೆಯಲ್ಲಿಲ್ಲವೆ? ಮನೆ ನಿಂತೇ ಇದೆ,” ಎಂದರು ತಾತ.

ಹುಡುಗ ಗೋಡೆಯನ್ನು ನೋಡಿದ. ಅಜ್ಜನ ತಂದೆಯ ಕಾಲದ ಗಾರೆ. ಅದರ ಮೇಲೆ ಮೂರು ತಲೆಮಾರಿನ ತೇಪೆ. ಸ್ವಲ್ಪ ಹೊತ್ತಿಗೆಲ್ಲ ಪುಟ್ಟ ಕಾರು ಬೀದಿಗಿಳಿಯಿತು. ಕಲ್ಲಿನ ಬಳಿ ಬಂದಾಗ ಅದು ತಾನಾಗಿಯೇ ನಿಧಾನವಾಯಿತೆಂದು ನೋಡಿದವರಿಗೆ ಅನಿಸಬಹುದು. ನಿಧಾನವಾದದ್ದು ಹುಡುಗನ ಬೆರಳು.