5 10 ಅಂದ್ರೆ ಏನ್ಲಾ? (ಭಾಗ 4)

ಲಿನಕ್ಸಲ್ಲಿ ‘ವಿಎಂಸ್ಟ್ಯಾಟ್ 5 10’ ಅಂತ ಕೊಟ್ರೆ ಐದು ಸೆಕೆಂಡಿಗೊಂದು ಸಾಲು, ಒಟ್ಟು ಹತ್ತು. ಬಸ್ಸಲ್ಲಿ ‘ಎರಡು ಮದ್ದೂರು’ ಅಂದ್ರೂ ‘ಮದ್ದೂರು ಎರಡು’ ಅಂದ್ರೂ ಕಂಡಕ್ಟರಿಗೆ ಗೊತ್ತಾಗುತ್ತೆ ಕಣ್ರೋ, ಒಂದು ಊರು, ಒಂದು ಲೆಕ್ಕ. ಇಲ್ಲಿ ಎರಡೂ ಅಂಕಿ. ತಿರುಗಾಮುರುಗಾ ಆದ್ರೆ ಕಂಪ್ಯೂಟರ್ ತುಟಿಪಿಟಿಕ್ ಅನ್ನಲ್ಲ, ಹತ್ತು ಸೆಕೆಂಡಿಗೊಂದ್ರಂತೆ ಐದು ಸಾಲು ಕೊಟ್ಟು ಸುಮ್ನಾಗುತ್ತೆ. ಟಾಪ್ ಕಮಾಂಡ್ ವಾಸಿ: ‘-ಡಿ 5 -ಎನ್ 10’. ಆದ್ರೂ ಡಿ ಯಾವ್ದು, ಎನ್ ಯಾವ್ದು ಅಂತ ನೆನಪಿರ್ಬೇಕು.

ಮಳವಳ್ಳೀಲಿ ನಮ್ಮಣ್ಣನ ಜೆರಾಕ್ಸ್ ಅಂಗಡಿ ಕಂಪ್ಯೂಟರ್ ತೆವಳ್ತಿತ್ತು. ರ‍್ಯಾಮ್ ಹಾಕ್ಸೋದಾ, ಸಾಲ ಮಾಡಿ ಹೊಸದು ತರೋದಾ? ನನ್ನ ಪುಟ್ಟ ಸ್ಕ್ರಿಪ್ಟಲ್ಲಿ ‘ಅಂತರ=5 ಸಲ=10’ ಅಂತಿಟ್ಟೆ. ಕಮಾಂಡನ್ನೇ ಮುಟ್ಟದ ಅಣ್ಣ ತಾನೇ ಸಲ=60 ಮಾಡ್ಕೊಂಡ. ಮೊದಲ ಸಾಲು ಲೆಕ್ಕಕ್ಕಿಲ್ಲ, ಅದು ಕಂಪ್ಯೂಟರ್ ಆನ್ ಆದಾಗಿಂದಿನ ಸರಾಸರಿ. ಉಳಿದ ಸಾಲುಗಳಲ್ಲಿ ಸ್ವಾಪ್ ಕಾಲಮ್ಮು ಸೊನ್ನೆಗೆ ಇಳೀಲೇ ಇಲ್ಲ.

ರ‍್ಯಾಮ್ ಹಾಕ್ಸಿದ್ವಿ.